ಅಗಸಿಯ ಗೂಡಿನ ಬಿಳಿ ಕಲ್ಲು

೨೦೦೩ನೆಯ ಇಸವಿ, ಡಿಸೆಂಬರ್ ತಿಂಗಳ ಮೊದಲ ಭಾನುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಳ್ಳಿಯ ಅಗಸಿಯ, ಎಂದರೆ ಊರ ಹೆಬ್ಬಾಗಿಲಿನ, ಕೆಳಗೆ ಇದ್ದವರು ಮೂವರು: ನಾನು, ನನ್ನೊಡನೆ ಹತ್ತು ವರ್ಷಗಳಿಂದ ಗುಡ್ಡ ಹತ್ತುತ್ತಿದ್ದ ಹೋಟೆಲಿನ ಯಜಮಾನರು, ಮತ್ತು ಆ ಹಳ್ಳಿಯ ಕುರಿಗಾಹಿ ಅಜ್ಜನ ಸೊಸೆ. ಅಜ್ಜ ತೀರಿಕೊಂಡು ಅಂದಿಗೆ ಮೂರು ವಾರ. ಅವರು ಕಾಲು ಇಳಿಬಿಟ್ಟು ಕೂಡುತ್ತಿದ್ದ ಕಟ್ಟೆಯ ಮುಂಬದಿ, ಹಿಮ್ಮಡಿ ತಾಗಿ ತಾಗಿ, ಎರಡು ಕಡೆ ನುಣುಪಾಗಿತ್ತು.

ಆ ಕಾಲುಗಳ ವಿಷಯ ಮೊದಲು ಹೇಳಬೇಕು. ಹೆಬ್ಬೆರಳು ಉಳಿದ ಬೆರಳುಗಳಿಂದ ಎರಡು ಅಂಗುಲ ದೂರ ಸರಿದು ನಿಂತಿತ್ತು. ಚಪ್ಪಲಿ ಹಾಕಿದ್ದನ್ನು ನಾನು ಕಂಡಿಲ್ಲ. ಇಳಿಜಾರಿನಲ್ಲಿ ಆ ಹೆಬ್ಬೆರಳು ಮೊದಲು ನೆಲವನ್ನು ಒತ್ತಿ ನೋಡುತ್ತಿತ್ತು. ಕಲ್ಲು ಗಟ್ಟಿ ಎಂದು ಅದಕ್ಕೆ ಅನ್ನಿಸಿದ ಮೇಲೆ ಮೈಭಾರ ಬೀಳುತ್ತಿತ್ತು.

ಅಗಸಿಯ ಒಳಗೋಡೆಯಲ್ಲಿ ಹಿಂದಿನ ಕಾಲದ ದೀಪದ ಗೂಡೊಂದಿದೆ. ಅಂದು ಅದರ ಎಡಮೂಲೆಯಲ್ಲಿ ಒಂದು ಬಿಳಿ ಬೆಣಚುಕಲ್ಲು ಇತ್ತು. ಅದು ನನ್ನದು. ತೆಗೆಯಲು ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ಗುಡ್ಡದ ಮೇಲಿನ ಕೆಲಸ ಮೊದಲು ಮುಗಿಯಬೇಕಿತ್ತು. ಬೇರೆ ಎರಡು ಬೂದು ಕಲ್ಲುಗಳನ್ನಿಟ್ಟು ನಾವಿಬ್ಬರೂ ಹತ್ತಿದೆವು. ನನ್ನ ಚೀಲದಲ್ಲಿ ಎರಡು ತಂತಿ ಬ್ರಷ್, ಒಂದು ಡಬ್ಬಿ ಥಿನ್ನರ್, ಹಳೆಯ ಬಟ್ಟೆ ಇದ್ದವು.

ಅಜ್ಜನ ಪರಿಚಯವಾದದ್ದು ೧೯೯೩ರಲ್ಲಿ. ಆಗ ನಾನು ಮರಾಠಿ ನಾಡಿನ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿದ್ದೆ. ಶೆಡ್ಡಿನ ನೆಲದ ಮೇಲೆ ಹಳದಿ ಗೆರೆ, ಬಾಣ ಹಾಕಿಸುವುದು ನನ್ನ ಕೆಲಸ: ಗಾಡಿ ಇಲ್ಲಿ ಹೋಗಬೇಕು, ಮನುಷ್ಯರು ಇಲ್ಲಿ ನಡೆಯಬೇಕು. ಭಾನುವಾರ ನಾವು ಎಂಟು ಹತ್ತು ಜನ ಕನ್ನಡದವರು ಸ್ವಾರಗೇಟ್ ನಿಲ್ದಾಣದಿಂದ ಮೊದಲ ಬಸ್ಸು ಹಿಡಿದು ಗುಡ್ಡಗಳಿಗೆ ಹೋಗುತ್ತಿದ್ದೆವು. ವೇಳಾಪಟ್ಟಿ ಬರೆಯುವವನು ನಾನೇ. ಫಾಟಾದಲ್ಲಿ, ಎಂದರೆ ದೊಡ್ಡ ರಸ್ತೆಯಿಂದ ಹಳ್ಳಿಯ ದಾರಿ ಒಡೆಯುವಲ್ಲಿ, ಇಳಿದು ಗದ್ದೆ ದಾಟಿದರೆ ಕರಿಕಲ್ಲಿನ ಅಗಸಿ. ಒಳಗೆ ಬಿದ್ದುಹೋದ ಒಂದು ದೊಡ್ಡ ವಾಡೆಮನೆ, ಮೆಟ್ಟಿಲು ಬಾವಿ, ಗುಡಿಯ ಗೋಡೆಗೆ ಒರಗಿಸಿದ ನಾಲ್ಕು ವೀರಗಲ್ಲು. ಹಿಂದೆ ಒಂದರ ಬೆನ್ನಿಗೆ ಒಂದು ಗುಡ್ಡ. ಕೊನೆಯದರ ನೆತ್ತಿಯ ಮೇಲೆ ಕೋಟೆ.

ನಾವು ಕಟ್ಟೆಯ ಮೇಲೆ ಕುಳಿತು ನಮ್ಮ ನಮ್ಮಲ್ಲೇ ಮಾತಾಡುತ್ತಿದ್ದಾಗ ಪಕ್ಕದಿಂದ ಯಾರೋ ಕೇಳಿದರು.

"ಯಾವೂರವ್ರಿ ನೀವು?"

ಮುಂಡಾಸಿನ ಮುದುಕ, ಅಪ್ಪಟ ಮರಾಠಿ ಹಳ್ಳಿಯಲ್ಲಿ ಕನ್ನಡ! ನಾವು ತಿರುಗಿ ನೋಡಿದ ರೀತಿಗೆ ಅವರೇ ನಕ್ಕರು.

"ನಮ್ಮವ್ವ ಜತ್ತ ಕಡೆಯಾಕಿ. ಆಕಿ ಹ್ವಾದ ಮ್ಯಾಲ ಈ ಮಾತು ಆಡಾಕ ಯಾರೂ ಇದ್ದಿಲ್ಲ್ರಿ. ಕುರಿ ಕೂಡ ಆಡತಿದ್ದೆ. ಅವು ತಿರುಗಿ ಬೈಯಂಗಿಲ್ಲ."

ಅಂದೇ ಅವರು ತಮ್ಮ ನಿಯಮ ಹೇಳಿದರು. ಹತ್ತುವವರು ತಲೆಗೊಂದು ಕಲ್ಲು ಗೂಡಿನಲ್ಲಿಡಬೇಕು. ಇಳಿದು ಬಂದವರು ತಮ್ಮ ಕಲ್ಲು ತಾವೇ ತೆಗೆಯಬೇಕು, ಇನ್ನೊಬ್ಬರದನ್ನು ಮುಟ್ಟಬಾರದು. ಕುರಿ ಕಾಯುತ್ತಿದ್ದ ಅವರ ತಂದೆ ಮಾಡಿದ ಕ್ರಮ ಅದು. ಗೂಡು ಖಾಲಿಯಾಗುವವರೆಗೆ ಅಜ್ಜ ರೊಟ್ಟಿ ಮುಟ್ಟುತ್ತಿರಲಿಲ್ಲ.

"ಅಜ್ಜ, ನನ್ನ ಹೊಟ್ಟೆ ನೋಡಿ ಹೇಳಿ. ನನಗೆ ಒಂದು ಕಲ್ಲು ಸಾಕಾ ಮಾರಾಯ್ರೆ?" ಎಂದರು ಹೋಟೆಲಿನವರು. ಅವರು ಕುಂದಾಪುರ ಕಡೆಯವರು.

"ನೀವು ಎರಡು ಇಡ್ರಿ. ಅರ್ಧಾ ನೀವು ಮ್ಯಾಲ ಉಳದ್ರ ನನಗ ಗೊತ್ತಾಗಬೇಕಲ್ಲ."

ನಾನು ಹುಡುಕಿ ಒಂದು ಬಿಳಿ ಕಲ್ಲು ತಂದೆ. ಪ್ರತಿ ಸಲವೂ ಅದನ್ನೇ, ಎಡಮೂಲೆಯಲ್ಲೇ ಇಡುತ್ತಿದ್ದೆ. "ಸಾಹೇಬರದು ಎಲ್ಲಾ ಶಿಸ್ತು" ಎಂದು ಅಜ್ಜನಿಗೆ ಅದು ಭಾಳ ಹಿಡಿಸಿತ್ತು.

ಅವರ ಇನ್ನೊಂದು ಪದ್ಧತಿ ನನಗೆ ಹಿಡಿಸಲಿಲ್ಲ. ಹೋದಾಗಲೆಲ್ಲ ಬೇರೆ ಬೇರೆ ದಾರಿ ಹೇಳುತ್ತಿದ್ದರು. ಒಂದು ವಾರ ಬಲಗಡೆಯ ಗುಡ್ಡದ ಏಣು, ಇನ್ನೊಂದು ವಾರ ಬಾವಿಯ ಹಿಂದಿನ ಕಣಿವೆ. "ಅಜ್ಜಾರ, ಒಂದು ದಾರಿ ಗಟ್ಟಿ ಮಾಡಿ ಹೇಳಿಬಿಡ್ರಿ" ಎಂದೆ ಒಮ್ಮೆ.

"ಹಾದಿ ಒಂದಽ ಇರಂಗಿಲ್ಲ್ರಿ ಸಾಹೇಬ್ರ. ನಾವು ನಿದ್ದ್ಯಾಗ ಮಗ್ಗಲಾ ಬದಲಸತೀವಲ್ಲ, ಗುಡ್ಡನೂ ಹಂಗಽ. ಬಂದು ಕೇಳ್ರಿ. ಕೇಳಾಕ ಏನ್ ಬ್ಯಾನಿ?"

ಕೇಳಲು ನಲವತ್ತು ನಿಮಿಷ ಹಿಡಿಯುತ್ತಿತ್ತು, ಅದೇ ಬೇನೆ. ಹಳ್ಳಿಯನ್ನು ಬಿಟ್ಟು ಫಾಟಾದಿಂದ ನೇರವಾಗಿ ಏರಿದರೆ ಆ ನಲವತ್ತು ನಿಮಿಷ ಉಳಿಯುತ್ತದೆಂದು ನಾನು ಕಾಗದದ ಮೇಲೆ ತೋರಿಸಿದೆ. ಗುಂಪು ಒಪ್ಪಿತು. ೧೯೯೮ರ ಜನವರಿಯಲ್ಲಿ ಒಬ್ಬನೇ ಹೋದೆ. ಕಾರ್ಖಾನೆಯಲ್ಲಿ ಉಳಿದ ಹಳದಿ ಬಣ್ಣ, ಬಾಣದ ಆಕಾರ ಕತ್ತರಿಸಿದ ತಗಡು ಚೀಲದಲ್ಲಿದ್ದವು. ಅಗಸಿಯಲ್ಲಿ ಎಂದಿನಂತೆ ಬಿಳಿ ಕಲ್ಲು ಇಟ್ಟೆ. ಚೀಲದಲ್ಲೇನಿದೆ ಎಂದು ಅಜ್ಜ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಕೋಟೆಯಿಂದ ಆರಂಭಿಸಿ ಕೆಳಗೆ ಫಾಟಾದವರೆಗೆ ಇಪ್ಪತ್ತೇಳು ಬಾಣ ಬರೆದೆ. ಎಲ್ಲವೂ ಒಂದೇ ಅಳತೆ. ನಡುವೆ ಒಂದು ಒಣ ಕೊರಕಲು ಬಂತು. ಜನವರಿಯಲ್ಲಿ ಅದು ಮೆಟ್ಟಿಲಿನಷ್ಟು ಸಲೀಸು. ಅಲ್ಲಿಯೂ ಎರಡು ಬಾಣ ಹಾಕಿದೆ.

ಫಾಟಾಕ್ಕೆ ಇಳಿಯುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಕಲ್ಲು ನೆನಪಾದದ್ದು ಕಾತ್ರಜ್ ಘಾಟಿನಲ್ಲಿ. ಬರುವ ಭಾನುವಾರ ತೆಗೆದರಾಯಿತು ಎಂದುಕೊಂಡೆ. ಬರುವ ಭಾನುವಾರ ಗುಂಪು ಬಾಣ ಹಿಡಿದು ನೇರ ಹತ್ತಿತು. ಮುಂದಿನ ಭಾನುವಾರವೂ ಅಷ್ಟೇ. ಆಮೇಲೆ ಅಜ್ಜನಿಗೆ ಮುಖ ತೋರಿಸಲು ನಾಚಿಕೆಯಾಯಿತು, ಆಮೇಲೆ ಆ ನಾಚಿಕೆಯೂ ರೂಢಿಯಾಯಿತು. ನಮ್ಮನ್ನು ನೋಡಿ ಬೇರೆ ಗುಂಪುಗಳೂ ಬಾಣ ಹಿಡಿದವು. ಕೆಲವರು ನನಗೆ ಧನ್ಯವಾದ ಹೇಳಿದರು. ನಾನು ಸ್ವೀಕರಿಸಿದೆ.

೨೦೦೩ರ ಜುಲೈಯಲ್ಲಿ ಏನಾಯಿತೆಂಬುದು ನಮಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ಫಾಟಾದ ಚಹಾ ಅಂಗಡಿಯವನು ಹೋಟೆಲಿನವರಿಗೆ ಹೇಳಿದ್ದ. ಮರುದಿನವೇ ಅವರ ಗಾಡಿಯಲ್ಲಿ ಹೊರಟೆವು. ಮರಳುವಾಗ ಅವರಿಗೆ ಬೇರೆ ಊರಿನಲ್ಲಿ ಕೆಲಸವಿತ್ತು, ನನ್ನನ್ನು ಬಸ್ಸಿಗೆ ಬಿಡುವುದೆಂದು ಮಾತಾಗಿತ್ತು. ಹೊಸ ಡಾಂಬರು ರಸ್ತೆ ಹಳ್ಳಿಯ ಹಿಂಭಾಗಕ್ಕೆ ಬರುತ್ತದೆ, ಅಗಸಿ ಸಿಗುವುದಿಲ್ಲ. ಅಜ್ಜ ಹೊರಸಿನ ಮೇಲೆ ಮಲಗಿದ್ದರು. ಸೊಂಟದ ಎಲುಬು ಮುರಿದಿತ್ತು. ಕಂಬಳಿಯ ಹೊರಗೆ ಚಾಚಿದ್ದ ಪಾದಗಳು ಬೆಳ್ಳಗಾಗಿದ್ದವು. ಬಿರುಕುಗಳಲ್ಲಿ ಮಣ್ಣೇ ಇರಲಿಲ್ಲ.

ಅವರೇ ಹೇಳಿದರು. ಕಾಲೇಜಿನ ಹುಡುಗರು ಮಳೆಯಲ್ಲಿ ಬಾಣ ನೋಡುತ್ತ ಬಂದು ಆ ಕೊರಕಲಿಗೆ ಇಳಿದರು. ಮಳೆಗಾಲದಲ್ಲಿ ಅದು ನೀರು ಧುಮುಕುವ ಜಾಗ. ಕೂಗು ಕೇಳಿ ಅಜ್ಜ ಹತ್ತಿದರು, ಬಂಡೆಗೆ ಅಂಟಿ ನಿಂತಿದ್ದ ನಾಲ್ವರನ್ನು ಕೆಳಗೆ ತಂದರು. ಇನ್ನಿಬ್ಬರು ಮೇಲಿದ್ದಾರೆ ಎಂದು ಹುಡುಗರು ಅತ್ತರು. ಅಜ್ಜ ಮತ್ತೆ ಹತ್ತಿದರು. ಆ ಇಬ್ಬರು ಮಳೆ ಜೋರಾಗುವ ಮೊದಲೇ ಫಾಟಾಕ್ಕೆ ಇಳಿದು ಬಸ್ಸು ಹತ್ತಿಬಿಟ್ಟಿದ್ದರು. ಇಲ್ಲದವರನ್ನು ಕೂಗುತ್ತ ಕೂಗುತ್ತ ಅಜ್ಜ ಜಾರಿದರು.

"ಅಗಸಿಗೆ ಬಂದಿದ್ರ ಬ್ಯಾರೆ ಹಾದಿ ಹೇಳತಿದ್ದೆ. ಕಲ್ಲ ಇಟ್ಟಿದ್ರ ಎಷ್ಟು ಮಂದಿ ಅಂತ ತಿಳೀತಿತ್ತು. ಗೂಡಿನ್ಯಾಗ ಇದ್ದದ್ದು ಒಂದಽ ಕಲ್ಲು. ಅದು ಆ ಹುಡುಗರದಲ್ಲ."

ನಾನು ಬಾಯಿ ತೆರೆದೆ. ಬಾಣ ಬರೆದವನು ನಾನು ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

"ಸಾಹೇಬ್ರ, ನಿಮ್ಮ ಬಿಳಿ ಕಲ್ಲ ತಗದ್ರೇನು?"

"ಹೌದ್ರಿ ಅಜ್ಜಾರ. ಬರೋವಾಗಲೇ ತಗದೆ."

ಐವತ್ತೊಂಬತ್ತು ವರ್ಷದ ನನಗೆ ಆ ಸುಳ್ಳು ಅಷ್ಟು ಬೇಗ ಹೇಗೆ ಸಿಕ್ಕಿತೋ ಇಂದಿಗೂ ತಿಳಿದಿಲ್ಲ. ಅಜ್ಜ ನನ್ನನ್ನೇ ನೋಡಿದರು.

"ಹಂಗಾದ್ರ ಮ್ಯಾಲ ಯಾರೂ ಉಳದಿಲ್ಲ" ಎಂದು ಕಣ್ಣು ಮುಚ್ಚಿದರು.

ಎದ್ದು ಹೊರಗೆ ಬಂದೆ. ಊರೊಳಗಿಂದ ಅಗಸಿಗೆ ನಡೆದುಹೋಗಿ ಸುಳ್ಳನ್ನು ನಿಜ ಮಾಡಿಬಿಡಬೇಕೆಂದಿದ್ದೆ. ಗಡಿಯಾರ ನೋಡಿದೆ. ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಗಾಡಿ ಹತ್ತಿದೆ. ನವೆಂಬರಿನಲ್ಲಿ ಅಜ್ಜ ತೀರಿಕೊಂಡರು.

ಡಿಸೆಂಬರಿನ ಆ ಭಾನುವಾರ ಮೇಲಿನಿಂದಲೇ ಕೆಲಸ ಆರಂಭಿಸಿದೆವು, ಬರೆದ ಕ್ರಮದಲ್ಲೇ. ಬಣ್ಣ ಒಳ್ಳೆಯದಿತ್ತು, ಸುಲಭವಾಗಿ ಬಿಡಲಿಲ್ಲ. ಹತ್ತನೆಯ ಬಾಣದ ಹೊತ್ತಿಗೆ ಹೋಟೆಲಿನವರು ಕುಳಿತುಬಿಟ್ಟರು.

"ಎಂತ ಕೆಲಸ ಮಾಡಿಟ್ಟಿದ್ದೀರಿ ಮಾರಾಯ್ರೆ! ಆರು ಮಳೆಗಾಲಕ್ಕೂ ಹೋಗಲಿಲ್ಲ ಅಲ್ಲಾ!"

ಅವರು ತಮಾಷೆಗೇ ಹೇಳಿದ್ದು. ನಾನು ನಗದೇ ಇರುವುದನ್ನು ಕಂಡು ಬ್ರಷ್ ಎತ್ತಿಕೊಂಡು ಮುಂದಿನ ಬಂಡೆಗೆ ಹೋದರು. ಕೊರಕಲಿನ ಎರಡು ಬಾಣಗಳನ್ನು ನಾನೊಬ್ಬನೇ ಉಜ್ಜಿದೆ. ಇಪ್ಪತ್ತೇಳನೆಯದು ಮುಗಿದಾಗ ನಾವು ಫಾಟಾದಲ್ಲಿದ್ದೆವು, ಬಸ್ಸು ನಿಂತಿತ್ತು. ಹೋಟೆಲಿನವರು ನನ್ನ ಮುಖ ನೋಡಿದರು. ನಾನು ಅಗಸಿಯ ಕಡೆ ತಿರುಗಿದೆ, ಅವರೂ ಬಂದರು.

ಸೊಸೆ ಕಟ್ಟೆಯ ಪಕ್ಕದಲ್ಲಿ ನಮ್ಮ ದಾರಿ ಕಾಯುತ್ತಿದ್ದಳು. ನನ್ನ ತೋಳು ನೋಡಿ ಮರಾಠಿಯಲ್ಲಿ ಹೇಳಿದಳು.

"ಆಗಲೂ ನಿಮ್ಮ ತೋಳಿಗೆ ಇದೇ ಹಳದಿ ಬಣ್ಣ ಹತ್ತಿತ್ತಂತೆ."

"ಯಾವಾಗ?"

"ನೀವು ಕಲ್ಲು ಬಿಟ್ಟು ಹೋದ ದಿನ. ಮಾವ ಕತ್ತಲಾಗುವವರೆಗೂ ಗುಡ್ಡದಲ್ಲಿ ಕೂಗಿದರು. ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಫಾಟಾಕ್ಕೆ ಹೋದಾಗ ಚಹಾದವನು ಹೇಳಿದ, ಸಾಹೇಬರು ಬಸ್ಸು ಹತ್ತಿದರು, ತೋಳಿಗೆಲ್ಲ ಹಳದಿ ಬಣ್ಣ ಆಗಿತ್ತು ಎಂದು."

"ಮತ್ತೆ ಈ ಕಲ್ಲನ್ನು ಯಾಕೆ ತೆಗೆಯಲಿಲ್ಲ?"

"ನಾನೇ ಎಷ್ಟೋ ಸಲ ತೆಗೆಯಲು ಹೋಗಿದ್ದೆ. ಬೇಡ, ಅವರೇ ಬಂದು ತೆಗೆಯಬೇಕು ಅನ್ನುತ್ತಿದ್ದರು. ಮಲಗಿದ ಮೇಲೂ ಗೂಡು ನೋಡಿ ಬಾ ಅಂತ ದಿನಾ ಕಳಿಸುತ್ತಿದ್ದರು. ನೀವು ಬಂದುಹೋದ ದಿನವೂ ನೋಡಿ ಬಂದು ಹೇಳಿದೆ, ಇನ್ನೂ ಇದೆ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೋಟೆಲಿನವರು ತಮ್ಮ ಕಲ್ಲು ತೆಗೆದುಕೊಂಡು ದೂರ ಹೋಗಿ ನಿಂತರು. ನಾನು ಮೊದಲು ಆ ದಿನದ ಬೂದು ಕಲ್ಲು ತೆಗೆದೆ. ಅನಂತರ ಬಿಳಿಯದನ್ನು ತೆಗೆದೆ. ಅದರ ಅಡಿಯಲ್ಲಿ ಕಲ್ಲಿನಷ್ಟೇ ಜಾಗ ಧೂಳಿಲ್ಲದೆ ಉಳಿದಿತ್ತು. ಸೊಸೆ ಸೆರಗಿನಿಂದ ಗೂಡು ಒರೆಸಿದಳು. ಆಗ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ.