ರೈಲಿನಲ್ಲಿ ಅಪ್ಪ ‘ಬ್ಯಾಡ’ ಅಂದದ್ದು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮಕ್ಕಳೇ, ನನಗೊಂದು ಹುಚ್ಚು ಹಿಡಿದಿತ್ತು. ರೈಲಿನಲ್ಲಿ ಕೊಡುವ ಊಟ ಉಣ್ಣಬೇಕು! ಜಮಖಂಡಿಯ ಕಡೆ ರೈಲೇ ಇರಲಿಲ್ಲ. ಹುನ್ನೂರಿನ ನಮ್ಮ ಮನೆಯಲ್ಲಿ ರೈಲು ಹತ್ತಿದವನೆಂದರೆ ಅಪ್ಪ ಒಬ್ಬನೇ, ಅವನೂ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದ. ನಾನೋ, ಖಾನೆ ಖಾನೆಯ ತಟ್ಟೆಯಲ್ಲಿ ಉಂಡು ಬರುತ್ತೇನೆಂದು ಸಾಲಿಯ ಗೆಳೆಯರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ.

ಬೆಂಗಳೂರಿನ ಸೋದರತ್ತೆಯ ಮನೆಗೆ ಹೊರಟ ದಿನ ಅವ್ವ ರೊಟ್ಟಿ ಬಡಿಯಲು ಕೂತಳು. ಬುತ್ತಿ ಕಟ್ಟಿದರೆ ನಾನು ಬರುವುದೇ ಇಲ್ಲವೆಂದು ರಂಪ ಮಾಡಿದೆ. ಅಪ್ಪ ನಕ್ಕುಬಿಟ್ಟ. “ಈ ಸಲ ಬುತ್ತಿ ಬ್ಯಾಡ ಬಿಡು. ಹುಡುಗ ರೈಲಿನ ಊಟ ಉಣ್ಣಲಿ” ಎಂದ.

“ಬುತ್ತಿ ಇಲ್ಲದ ಯಾರರ ಊರಿಗೆ ಹೋಗ್ತಾರೇನ್ರಿ?” ಎಂದು ಅವ್ವ ನಾವು ಬಸ್ ಹತ್ತುವವರೆಗೂ ಗೊಣಗಿದಳು.

ಕುಡಚಿಯಲ್ಲಿ ಅಪ್ಪ, ಅಕ್ಕ, ನಾನು ಮೂವರೂ ರೈಲು ಹತ್ತಿದೆವು. ಕಲ್ಲಿದ್ದಲಿನ ಹೊಗೆ ಮೂಗಿಗೆ ಅಡರುತ್ತಿತ್ತು, ಕಿಟಕಿಯ ಸರಳು ಹಿಡಿದ ಕೈಗೆ ಕಬ್ಬಿಣದ ವಾಸನೆ ಅಂಟಿತ್ತು. ನನಗೂ ಅಕ್ಕನಿಗೂ ಆ ಕಿಟಕಿಗಾಗಿಯೇ ಜಗಳ. ಎದುರಿಗೆ ಮುಧೋಳದ ಬಟ್ಟೆ ವ್ಯಾಪಾರಿಯೊಬ್ಬರು ಕೂತಿದ್ದರು. ಅಪ್ಪ ಅವರೊಡನೆ ಆಗಲೇ ಬೀಗರ ಹಾಗೆ ಹರಟೆಗೆ ಇಳಿದಿದ್ದ.

ಅಷ್ಟರಲ್ಲಿ ಬಿಳಿ ಅಂಗಿಯ ಮಾಣಿ ಬಂದ. ಬೆಂಗಳೂರು ಕಡೆಯವನು. “ಊಟ ಬೇಕಾ ಸಾರ್?” ಎಂದು ಕೇಳಿದ. ನಾನು ಕಿಟಕಿ ಬಿಟ್ಟು ಸೀಟಿನ ತುದಿಗೆ ಬಂದೆ.

ಅಪ್ಪ ನಗುತ್ತ, “ಏ, ಬ್ಯಾಡ ಬಿಡ್ರಿ” ಎಂದ.

ನಮ್ಮ ಕಡೆಯ ರೀತಿಯೇ ಹಾಗೆ. ಊಟಕ್ಕೆ ಕರೆದರೆ ಮೊದಲು ಬ್ಯಾಡ ಅನ್ನಬೇಕು. ಕರೆದವರು ಬಿಡದೆ ಮತ್ತೆ ಮತ್ತೆ ಕೇಳಬೇಕು. ಕೊನೆಗೆ “ಆತು, ನಿಮ್ಮ ಮಾತಿಗೆ ಒಂದೀಟ ಹಾಕ್ರಿ” ಎನ್ನಬೇಕು. ಕರೆದ ಕೂಡಲೇ ತಾಟಿನ ಮುಂದೆ ಕೂತವನನ್ನು ಜನ ಹಸಿದುಬಿದ್ದವನು ಅನ್ನುತ್ತಿದ್ದರು. ಮಾಣಿಗೆ ಇದೆಲ್ಲ ಏನು ಗೊತ್ತು? ವ್ಯಾಪಾರಿ ಒಂದು ಊಟ ಹೇಳಿದ್ದನ್ನು ಕೇಳಿಕೊಂಡು ಮುಂದೆ ಹೋಗಿಯೇಬಿಟ್ಟ.

“ಅಪ್ಪಾ, ಅವ ಹೋದ!” ಎಂದೆ.

“ತಡಿಯಲೇ, ಮತ್ತ ಬರ್ತಾನ. ಒಮ್ಮೆ ಕೇಳಿ ಬಿಡ್ತಾನೇನು?”

ಮತ್ತೆ ಬಂದ, ಖರೆ. ಬೇರೆಯವರ ತಟ್ಟೆ ಹೊತ್ತುಕೊಂಡು ಬಂದ. ಬಿಸಿ ಅನ್ನದ ಹಬೆ, ಬಟಾಟಿ ಪಲ್ಯ, ಉಪ್ಪಿನಕಾಯಿಯ ಘಮ ಮೂಗಿನ ಮುಂದೆಯೇ ಹಾದುಹೋಯಿತು. ಅಪ್ಪ ಎದ್ದು ನಿಂತು, “ಅಲ್ರೀ, ನಮಗ?” ಎಂದ.

“ನೀವೇ ಬೇಡ ಅಂದ್ರಲ್ಲ ಸಾರ್. ಹೇಳಿದವರಿಗಷ್ಟೇ ಮಾಡೋದು. ಈಗ ಏನೂ ಉಳಿದಿಲ್ಲ.”

ರೈಲು ಡಬ್ಬಿಯ ಜನ ಗೊಳ್ಳೆಂದು ನಕ್ಕರು. ಊರ ಮದುವೆಗಳಲ್ಲಿ ಪಂಕ್ತಿಯ ಮುಂದೆ ನಿಂತು, ಸಾಕು ಸಾಕು ಅಂದರೂ ಬಿಡದೆ ಬಡಿಸುತ್ತಿದ್ದ ನಮ್ಮಪ್ಪ, ಕಿವಿ ಕೆಂಪಗೆ ಮಾಡಿಕೊಂಡು ಮೆಲ್ಲಗೆ ಕೂತ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಅವನು ನನ್ನ ಅಪ್ಪನೇ ಅಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿಬಿಟ್ಟೆ.

ವ್ಯಾಪಾರಿ ಎರಡು ತುತ್ತು ಉಂಡು ಮುಖ ಕಿವುಚಿದರು. “ಥೂ, ಇದೂ ಒಂದ ಬ್ಯಾಳಿ ಸಾರೇನ್ರಿ, ಕೈ ತೊಳದ ನೀರ! ಇದಕ್ಕ ಇಷ್ಟ ರೊಕ್ಕ ಬ್ಯಾರೆ” ಎಂದು ತಟ್ಟೆಯನ್ನು ನಮ್ಮ ಕಡೆ ಸರಿಸಿದರು. “ಹುಡುಗರಿಗೆ ಕೊಡ್ರಿ. ಚಪಾತಿ ನಾ ಮುಟ್ಟಿಲ್ಲ.”

“ಬ್ಯಾಡ್ರಿ” ಎಂದ ಅಪ್ಪ.

“ಏ, ಬ್ಯಾಡಂದ್ರ ಹೆಂಗ್ರಿ? ತಗೋರಿ!”

“ಖರೇನ ಬ್ಯಾಡ್ರಿ, ಯಪ್ಪಾ.”

“ನಾಚಬ್ಯಾಡ್ರಿ. ನಾವೂ ಆ ಕಡೆಯವರ ಅದೇವಿ!”

ಅಪ್ಪನ ಸುಳ್ಳು ಬ್ಯಾಡವನ್ನು ಮಾಣಿ ನಂಬಿದ. ನಿಜವಾದ ಬ್ಯಾಡವನ್ನು ನಮ್ಮೂರ ಕಡೆಯ ಮನುಷ್ಯ ನಂಬಲೇ ಇಲ್ಲ. ಇನ್ನೊಬ್ಬರು ಉಂಡು ಬಿಟ್ಟ ತಟ್ಟೆಯಿಂದ ಅಪ್ಪ ಚಪಾತಿ ತೆಗೆದು ಅಕ್ಕನಿಗೊಂದು, ನನಗೊಂದು ಕೊಟ್ಟ. ತಾನು ತಂಬಿಗೆಯ ನೀರು ಕುಡಿದ. ಅಕ್ಕ ಒಂದು ಚೂರು ತಿಂದು ಅಳತೊಡಗಿದಳು. ಚಪಾತಿ ತೊಗಲಿನಂತಿತ್ತು, ತಣ್ಣಗಾಗಿತ್ತು. ನಾನು ಮಾತ್ರ ಪೂರ್ತಿ ತಿಂದೆ, ಬೆರಳನ್ನೂ ನೆಕ್ಕಿದೆ. ಅಪ್ಪ ನೋಡಿದ, ತಲೆ ತಗ್ಗಿಸಿದ.

ನಿಮಗೆ ಈ ಪಾಡಿಲ್ಲ. ಫೋನಿನಲ್ಲಿ ಬೆರಳಾಡಿಸಿದರೆ ಮುಂದಿನ ಸ್ಟೇಷನ್ನಿನಲ್ಲಿ ಬಿಸಿಬಿಸಿ ಊಟ ಸೀಟಿಗೇ ಬರುತ್ತದೆ. ಬೇಕಾದರೆ ಬೇಕು ಅನ್ನುತ್ತೀರಿ, ಸೇರದಿದ್ದರೆ ಚೆನ್ನಾಗಿಲ್ಲ ಅಂತಲೂ ಮುಖದ ಮೇಲೆ ಹೇಳುತ್ತೀರಿ. ಎಷ್ಟು ಸಲೀಸು!

ಹೋದ ದೀಪಾವಳಿಗೆ ನಾವೆಲ್ಲ ರೈಲಿನಲ್ಲಿ ಬರುವಾಗ ಊಟದವನು ಬಂದು ಕೇಳಿದ. ನನ್ನ ಹಾಳು ಬಾಯಿ ತಾನಾಗಿಯೇ “ಬ್ಯಾಡ” ಎಂದಿತು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಥಟ್ಟನೆ, “ಅಜ್ಜಗೂ ಒಂದ ಕೊಡ್ರಿ. ಅವ್ರು ಮೊದಲ ಬ್ಯಾಡ ಅಂತಾರ, ಆಮ್ಯಾಲ ಉಣ್ತಾರ” ಎಂದಳು. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ನನಗೆ ಮಾತ್ರ ಅಪ್ಪ ನೆನಪಾದ. ಆ ಮಾಣಿಗೆ ನಾನೂ ಹೇಳಬಹುದಾಗಿದ್ದ ಇಷ್ಟೊಂದು ಸಣ್ಣ ಮಾತು! ಆ ದಿನ ಅಪ್ಪನ ಪಕ್ಕದಲ್ಲಿ ನಾನೂ ಇದ್ದೆ, ಅವನ ಬ್ಯಾಡದ ಅರ್ಥ ನನಗೂ ಗೊತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.