ಮಾವನ ಕೆಮ್ಮು ಕೇಳಿಸದ ಅರ್ಧ ತಾಸು

ನಮ್ಮ ಮನೆಯಲ್ಲಿ ಮಾವ ಒಳಗೆ ಬರುವ ಮೊದಲು ಕೆಮ್ಮುತ್ತಾರೆ. ಅದು ರೋಗದ ಕೆಮ್ಮಲ್ಲ. ಪಡಸಾಲೆಯ ಹೊಸ್ತಿಲಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಒಳಗಿರುವ ಸೊಸೆಯಂದಿರು ತಲೆಯ ಮೇಲೆ ಸೆರಗು ಎಳೆದುಕೊಂಡು ದನಿ ಇಳಿಸಬೇಕು. ಎರಡನೇ ಸಲ ಕೆಮ್ಮಿದರೆ ಚಹಾ ಬೇಕು ಎಂದು ಅರ್ಥ. ಬೀದರ ಕಡೆಯ ತವರಿನಿಂದ ಮಹಾರಾಷ್ಟ್ರದ ಗಡಿಯೊಳಗೆ, ಔರಾದ ಶಹಾಜನಿ ಹತ್ತಿರದ ಈ ಹಳ್ಳಿಗೆ ಮದುವೆಯಾಗಿ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಈ ಕೆಮ್ಮುಗಳನ್ನು. ಮಾವ ಸೊಸೆಯಂದಿರ ಜೊತೆ ನೇರವಾಗಿ ಮಾತಾಡುವುದಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳುತ್ತಾರೆ, ಅತ್ತೆ ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಾರೆ. ಕೇಳಿಸಿಕೊಳ್ಳುವುದು ನಮ್ಮ ಕೆಲಸ.

ಈಗ ನನ್ನ ಮಗಳು ನನ್ನ ಭುಜ ದಾಟಿ ಬೆಳೆದು ಲಾತೂರಿನಲ್ಲಿ ಓದುತ್ತಿದ್ದಾಳೆ. ಅಷ್ಟೂ ವರ್ಷ ನನ್ನ ಕಿವಿಗಳು ಈ ಮನೆಯ ಚಾಕರಿಯಲ್ಲಿದ್ದವು. ಒಲೆಯ ಮುಂದಿದ್ದರೂ ಸರಿ, ಜ್ವರದಿಂದ ಹಾಸಿಗೆ ಹಿಡಿದಿದ್ದರೂ ಸರಿ, ಒಂದು ಕಿವಿ ಯಾವಾಗಲೂ ಹೊಸ್ತಿಲ ಕಡೆಗೇ ಇರುತ್ತಿತ್ತು. ಇದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೇ ಹಿಡಿದಿಲ್ಲ.

ನಾನು ತವರಿನಲ್ಲಿ ಹಾಡು ಕಲಿಯುತ್ತಿದ್ದೆ. ಮದುವೆಯಾದ ಮೇಲೆ ಅದು ನಿಂತುಹೋಯಿತು. ಕಳೆದ ವರ್ಷ ಸಂಬಂಧಿಕರ ಲಗ್ನವೊಂದರಲ್ಲಿ ನನ್ನ ಹಳೆಯ ಗುರುಗಳು ಸಿಕ್ಕರು. ಬಹಳ ವಯಸ್ಸಾದ ಹೆಣ್ಣುಮಗಳು, ಆದರೆ ನಾಲಿಗೆ ಹಳೆಯದೇ. ಉಣ್ಣುವ ಪಂಕ್ತಿಯಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಹಾಡ್ತಿ ಏನು?"

"ಇಲ್ರಿ."

"ಯಾಕ, ಗಂಟಲ ಮಾರಿದಿ ಏನು? ಮೊಬೈಲ ಅದ ಅಲಾ. ನಾ ಪಾಠ ಹಾಡಿ ಕಳಸ್ತೀನಿ, ನೀ ಕೇಳಿ ಕಲತು, ಹಾಡಿ ತಿರುಗಿ ಕಳಸು. ಸ್ವರ ಸರಿ ಬಂದ್ರ ಮುಂದಿನ ಪಾಠ. ಬರಲಿಲ್ಲಂದ್ರ ಅಲ್ಲಿಗೇ ಬಂದ್. ನನಗೂ ವಯಸ್ಸಾಗ್ಯಾದ, ಸುಮ್ನ ಹಾಡಿ ದಣಿಯಾಂಗಿಲ್ಲ."

ಭೀಮಪಲಾಸಿಯಿಂದ ಶುರುಮಾಡಿದರು. ಮಧ್ಯಾಹ್ನದ ರಾಗ, ಊಟದ ಪಾತ್ರೆ ತೊಳೆದ ಮೇಲೆ ನನಗೆ ಸಿಗುವ ಹೊತ್ತೂ ಅದೇ. ಆದರೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಂಬೂರಿ ಡಬ್ಬಿಯೊಳಗಿನ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಅತ್ತೆಯ ಮರಾಠಿ ಧಾರಾವಾಹಿ, ಹಿತ್ತಲಲ್ಲಿ ನೀರಿನ ಮೋಟಾರು. ನಾನು ಹಾಡಿ ಕಳಿಸಿದಾಗಲೆಲ್ಲ ಗುರುಗಳಿಂದ ಒಂದೇ ಉತ್ತರ ಬರುತ್ತಿತ್ತು: "ಗಾಂಧಾರಕ್ಕ ನೆಟ್ಟಗ ಹೋಗಿ ಬಡೀಬ್ಯಾಡ. ಮಧ್ಯಮದಿಂದ ಇಳಸು. ನಾ ಇಳಸಿದ್ದು ಕೇಳಸಲಿಲ್ಲೇನು?" ಕೇಳಿಸಿರಲಿಲ್ಲ. ಆ ಇಳಿಯುವ ದಾರಿಯೇ ನನ್ನ ಫೋನಿನಲ್ಲಿ ಇರಲಿಲ್ಲ. ಹೀಗೇ ಆದರೆ ಪಾಠ ಬಂದ್ ಎಂದು ನನಗೆ ಖಾತ್ರಿಯಾಯಿತು, ಹೆದರಿದೆ.

ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಇಯರ್‌ಫೋನು ತಲೆ ಅಲುಗಿದರೆ ಸಾಕು ಬಿದ್ದುಹೋಗುತ್ತಿತ್ತು. ನಿಲಂಗಾದಲ್ಲಿ ಕೊಂಡ ಇನ್ನೊಂದರ ವೈರು ಸೆರಗಿಗೆ ಸಿಕ್ಕಿಕೊಂಡು, ಒಮ್ಮೆ ಚಹಾದ ಪಾತ್ರೆಯನ್ನೇ ಎಳೆದು ಚೆಲ್ಲಿತು. ಅದರಲ್ಲಿ ಡೋಲು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಸೋವಿ ಎಂದು ಮತ್ತೆ ಮತ್ತೆ ಕೊಂಡು ಎಸೆಯುವ ಬದಲು, ಒಂದೇ ಸಲ ನೋಡಿ ಆರಿಸೋಣ ಎಂದು ನಿರ್ಧರಿಸಿದೆ. ನನ್ನ ದೇವಣಿ ತಳಿಯ ಆಕಳ ಹಾಲಿನ ದುಡ್ಡು ನನ್ನ ಹತ್ತಿರವೇ ಇತ್ತು. ಯಾರ ಮುಂದೆಯೂ ಕೈ ಒಡ್ಡಬೇಕಾಗಿರಲಿಲ್ಲ. ನಮ್ಮ ಮನೆಯವರನ್ನು ಗಾಡಿ ನಡೆಸಲು ಕರೆದುಕೊಂಡು, ತಲೆಯ ಮೇಲಿಂದ ಹಾಕಿಕೊಳ್ಳುವ ಹೆಡ್‌ಫೋನು ಕೊಳ್ಳಲು ಉದಗೀರಿಗೆ ಹೋದೆ.

ಅಂಗಡಿಯವನು ನಮ್ಮ ಮನೆಯವರ ಮುಖ ನೋಡಿಯೇ ಮಾತಾಡಿದ. "ಮಗನಿಗಾ, ಸಾಹೇಬ್ರೇ?" ಎಂದು ಮರಾಠಿಯಲ್ಲಿ ಕೇಳಿದ. ನನಗೆ ಎಂದು ನಾನೇ ಹೇಳಿದೆ. ತಕ್ಷಣ ಗುಲಾಬಿ ಬಣ್ಣದ, ಬೆಕ್ಕಿನ ಕಿವಿ ಹಚ್ಚಿದ್ದೊಂದನ್ನು ತೆಗೆದು "ತಾಈ, ಹೇ ಘ್ಯಾ, ಲೇಡೀಸ್ ಪೀಸ್" ಎಂದು ನನ್ನ ಕೈಗೆ ಕೊಡಲು ಬಂದ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯವರು ಬಾಗಿಲ ಕಡೆ ತಿರುಗಿ ನಕ್ಕರು.

"ಬೆಕ್ಕಿಗಿ ಬ್ಯಾಡ, ಮನಷ್ಯಾರಿಗಿ ತೋರಸ್ರಿ," ಎಂದೆ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಮೋರೆ ಸಣ್ಣದು ಮಾಡಿಕೊಂಡು ಕರಿ ಡಬ್ಬಿಗಳನ್ನು ಇಳಿಸಿದ.

ಹಾಕಿ ನೋಡಬೇಕೆಂದರೆ ತಲೆಯ ಮೇಲಿನ ಸೆರಗು ತೆಗೆಯಲೇಬೇಕು. ಸೆರಗಿನ ಮೇಲೆ ಹಾಕಿದರೆ ಪಟ್ಟಿ ಜಾರುತ್ತದೆ, ಬಟ್ಟೆ ಕಿವಿಯ ಹತ್ತಿರ ಸರಸರ ಎನ್ನುತ್ತದೆ. ನಾನು ಸೆರಗನ್ನು ಹೆಗಲಿಗೆ ಇಳಿಸಿದೆ. ನಮ್ಮ ಮನೆಯವರ ನಗೆ ನಿಂತಿತು.

"ಏ, ಊರಿನವ್ರು ಯಾರರ ನೋಡ್ಯಾರು," ಎಂದು ಪಿಸುಗುಟ್ಟಿದರು.

"ನೋಡ್ಲಿ. ತಲಿ ಅದ ಇದು, ಕಳವಿನ ಮಾಲಲ್ಲ."

ಮೊದಲನೆಯದು ಕಿವಿಯ ಮೇಲೆ ಕೂತು ಬೆಂಡೋಲೆಯನ್ನು ಕೆನ್ನೆಗೆ ಒತ್ತಿತು. "ಓಲಿ ತಗದು ಹಾಕ್ರಿ ಅಕ್ಕಾ, ಛೊಲೊ ಕೂಡ್ತದ," ಎಂದ ಅಂಗಡಿಯವನು. ಓಲೆ ತೆಗೆಯಬೇಕಂತೆ, ಇನ್ನು ತುರುಬು ಬಿಚ್ಚಿರಿ, ಆಮೇಲೆ ಕಿವಿಯನ್ನೇ ಕೊಯ್ಯಿರಿ ಎನ್ನುತ್ತಾನೇನೋ. "ನನ್ನ ಕಿವಿಗಿ ತಕ್ಕಂಥಾದ್ದು ತೋರಸ್ರಿ. ಮಾಲಿಗಿ ತಕ್ಕಂಗ ನಾ ಕಿವಿ ಮಾಡಸ್ಲಾ?" ಎಂದೆ. ಎರಡನೆಯದು ಓಲೆಸಮೇತ ಇಡೀ ಕಿವಿಯನ್ನು ಒಳಗೆ ಹಾಕಿಕೊಂಡಿತು, ಆದರೆ ಕುತ್ತಿಗೆ ನೋಯುವಷ್ಟು ಭಾರ. ಮೇಲಾಗಿ ಅದರ ಮೆತ್ತೆ ರೆಕ್ಸಿನಿನದು. ನಮ್ಮ ಕಡೆಯ ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡರೆ ಕಿವಿ ಬೆಂದೇಹೋಗುತ್ತದೆ.

ಮೂರನೆಯದು ಹಗುರಾಗಿತ್ತು. ಬಟ್ಟೆಯ ಮೆತ್ತೆ, ಕಿವಿ ಮುಚ್ಚುವ ಅಗಲವಾದ ಬಟ್ಟಲು, ಮಡಚಿದರೆ ಕೈಚೀಲದಲ್ಲಿ ಕೂರುತ್ತದೆ. ಪಟ್ಟಿ ತುರುಬಿನ ಮುಂದೆ ಸರಿಯಾಗಿ ನಿಂತಿತು. ವೈರಿಲ್ಲದ್ದು, ಕರೆಂಟು ಹೋಗಿ ಬ್ಯಾಟರಿ ಮುಗಿದರೆ ವೈರು ಚುಚ್ಚಿಕೊಂಡೂ ಕೇಳಬಹುದು. ಅಂಗಡಿಯವನು ತನ್ನ ಫೋನಿನಿಂದ ಎಂಥದೋ ಮದುವೆ ಮೆರವಣಿಗೆಯ ಹಾಡು ಹಚ್ಚಿ "ಹೆಂಗದ ಬೇಸ್?" ಎಂದ. ಎದೆ ಗುದ್ದುವ ಸದ್ದು ಕೇಳಲು ನಾನು ಇಲ್ಲಿಯತನಕ ಬಂದಿರಲಿಲ್ಲ. ನನ್ನ ಫೋನು ಜೋಡಿಸಿ ಗುರುಗಳ ಪಾಠ ಹಚ್ಚಿದೆ.

ಮೊದಲು ತಂಬೂರಿ ಕೇಳಿತು, ಕೊನೆಯ ತಂತಿಯ ಖರಜ, ಆ ಕೆಳಗಿನ ಷಡ್ಜ, ಬೇರೆಯಾಗಿ, ಆಳವಾಗಿ. ಆಮೇಲೆ ಗುರುಗಳು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಅವರು ಮಧ್ಯಮದಲ್ಲಿ ನಿಂತರು. ಅಲ್ಲಿಂದ ಮೆಲ್ಲಗೆ ಇಳಿದರು. ಇಷ್ಟು ತಿಂಗಳು ನನಗೆ ಸಿಗದೆ ಹೋದ ದಾರಿ ಅದೇ. ಅಂಗಡಿಯ ನಟ್ಟನಡುವೆ, ಬರಿತಲೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಅಂಗಡಿಯವನು ಗಾಬರಿಯಾಗಿ "ಆವಾಜ್ ಜಾಸ್ತಿ ಆತೇನ್ರೀ?" ಎಂದು ಕೇಳಿದನಂತೆ. ನನಗದು ಕೇಳಿಸಲಿಲ್ಲ. ನಮ್ಮ ಮನೆಯವರು ಆಮೇಲೆ ಹೇಳಿದರು.

ಅದನ್ನೇ ಕೊಂಡು ತಂದು, ಮರುದಿನದಿಂದ ಮಧ್ಯಾಹ್ನದ ಅರ್ಧ ತಾಸು ನಡುಮನೆಯಲ್ಲಿ ಹಾಕಿಕೊಂಡು ಕೂತು ಪಾಠ ಶುರುಮಾಡಿದೆ. ಆ ಹೊತ್ತಿನ ಚಹಾದ ಪಾಳಿಯೂ ನನ್ನದೇ. ದೊಡ್ಡ ಸೊಸೆಯಾದ ನನ್ನ ನೆಗೆಣ್ಣಿ ಆಗ ಹಿತ್ತಲಲ್ಲಿರುತ್ತಾಳೆ. ಮಾವ ಹೊಸ್ತಿಲಿಗೆ ಬಂದು ಕೆಮ್ಮಿದರು. ನನಗೆ ಕೇಳಿಸಲಿಲ್ಲ. ಮತ್ತೆ ಕೆಮ್ಮಿದರು. ನಾನು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದೆ. ಅವರು ಬಿಡಲಿಲ್ಲ, ಪಡಸಾಲೆ ಅದುರುವ ಹಾಗೆ ಕೆಮ್ಮಿದರು. ಹಿತ್ತಲಲ್ಲಿದ್ದ ನೆಗೆಣ್ಣಿ, ಇದು ಸೆರಗಿನ ಕೆಮ್ಮಲ್ಲ, ಚಹಾದ ಕೆಮ್ಮೂ ಅಲ್ಲ, ಮಾವನಿಗೆ ಏನೋ ಹೆಚ್ಚುಕಡಿಮೆ ಆಗಿದೆ ಎಂದುಕೊಂಡಳು. ಜ್ಯೇಷ್ಠಮಧು, ಶುಂಠಿ, ಕರಿಮೆಣಸು ಹಾಕಿ ಕಷಾಯ ಕುದಿಸಿ ತಂದು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಎದುರು ನಿಂತು ಕುಡಿಸಿದರು.

ಸೊಸೆಗೆ ಸೂಚನೆ ಕೊಡಲು ಕೆಮ್ಮಿದೆ ಎಂದು ಮಾವ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆ ಕೆಮ್ಮಿನ ಅರ್ಥವನ್ನು ಯಾರೂ ಆಡಿ ತೋರಿಸುವುದಿಲ್ಲ, ಅದೇ ಅದರ ಮರ್ಯಾದೆ. ಕೊಟ್ಟಷ್ಟೂ ಕುಡಿದರು. ಮರುದಿನವೂ ಕೆಮ್ಮಿದರು, ಮತ್ತೆ ಕಷಾಯ ಬಂತು. ವಾರ ಕಳೆಯುವಷ್ಟರಲ್ಲಿ ಓಣಿಗೆಲ್ಲ ಸುದ್ದಿಯಾಗಿ, ಪಕ್ಕದ ಮನೆಯ ಮರಾಠಿ ಅಜ್ಜಿ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಬಂದಳು, ದೇವಣಿ ಊರಿನ ಬೀಗರು ಔಷಧಿಯ ಸೀಸೆ ಹಿಡಿದುಕೊಂಡು ಬಂದರು. ಚಹಾ ಕೇಳಿದ ಮನುಷ್ಯನಿಗೆ ಚಹಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ನೆಗೆಣ್ಣಿಯೂ ನಾನೂ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು.

ಸೀಸೆ ಬಂದ ಸಂಜೆ ಊಟಕ್ಕೆ ಕೂತಾಗ ಮಾವನ ತಾಳ್ಮೆ ಮುಗಿಯಿತು. ಅತ್ತೆ ಅಲ್ಲೇ ಇದ್ದರೂ ಎದುರಿನ ಕಂಬಕ್ಕೆ ಹೇಳಿದರು.

"ನನಗ ಏನೂ ಆಗಿಲ್ಲ. ಮನಷ್ಯಾ ಹೊಸ್ತಲದಾಗ ನಿಂತು ಸಾಯೂತನ ಕೆಮ್ಮಿದ್ರೂ ಈ ಮನ್ಯಾಗ ಕೇಳಸಂಗಿಲ್ಲ. ಕಿವಿಗಿ ಬುಟ್ಟಿ ಮುಚಗೊಂಡು ಕುಂತಾರ. ಇಜ್ಜತ್ ಅಂಬೋದು ಏನರ ಅದ ಇಲ್ಲ?"

ರೊಟ್ಟಿ ಬಡಿಯುತ್ತಿದ್ದ ನಾನು ಕೈ ನಿಲ್ಲಿಸಿದೆ. ಉತ್ತರ ಕೊಡುವುದಿದ್ದರೆ ನಾನೂ ಕಂಬಕ್ಕೇ ಕೊಡಬೇಕಿತ್ತು.

"ಹೌದ್ರಿ ಮಾಂವಾ, ಕೇಳಸಂಗಿಲ್ಲ," ಎಂದೆ, ಅವರ ಕಡೆಗೇ ತಿರುಗಿ. "ಕೇಳಸಬಾರದಂತೇ ತಂದೀನಿ. ಅರ್ಧ ತಾಸು ಅಷ್ಟೇ. ಉಳದ ಹೊತ್ತು ನನ್ನ ಕಿವಿ ನಿಮ್ಮ ಹೊಸ್ತಲದಾಗೇ ಇರ್ತಾವ."

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು. ಮಾವ ತಾಟಿನಲ್ಲಿ ಕೈ ತೊಳೆದು ಎದ್ದು ಹೋದರು. ಅವರ ಹಿಂದೆಯೇ ನಮ್ಮ ಮನೆಯವರೂ ಹೋಗಿ, ಸ್ವಲ್ಪ ಹೊತ್ತಿಗೆ ರಾಜಿಯ ಮಾತು ಹಿಡಿದುಕೊಂಡು ಬಂದರು. "ಒಂದು ಕಿವಿಗಿ ಹಾಕ್ಕೋ, ಒಂದು ತೆರದಿಡು. ಅವ್ರದೂ ಆತದ, ನಿಂದೂ ಆತದ."

ಮನೆಯ ಶಾಂತಿಗೆಂದು ಅದನ್ನೂ ಮಾಡಿ ನೋಡಿದೆ. ತೆರೆದಿಟ್ಟ ಕಿವಿ ನನ್ನ ಮಾತು ಕೇಳಲೇ ಇಲ್ಲ. ಹೊಸ್ತಿಲಿಗೆ ಓಡಿಹೋಗಿ ಅಲ್ಲೇ ಕೂತಿತು. ಒಂದು ಚಪ್ಪಲಿಯ ಸದ್ದಾದರೆ ಸ್ವರ ಅಲುಗುತ್ತಿತ್ತು. ಹಾಡಿ ಕಳಿಸಿದ್ದಕ್ಕೆ ಗುರುಗಳ ಉತ್ತರ ಬಂತು. "ಹೋದ ವಾರ ಸರಿ ಬಂದಿತ್ತು, ಮತ್ತ ಹಾಳು ಮಾಡಿದಿ. ಅರ್ಧ ಮನಸಿಲೆ ಕಲಿಯೂದಿದ್ರ ಬಿಟ್ಟುಬಿಡು ಮಗಳಾ. ಇನ್ನೊಂದು ಸಲ ನೋಡ್ತೀನಿ, ಅಷ್ಟೇ."

ಅದನ್ನು ಕೇಳಿ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ನನ್ನದು ಅರ್ಧ ಮನಸ್ಸಲ್ಲ. ಅರ್ಧ ತಾಸನ್ನು ಪೂರಾ ಕೊಡಲು ಈ ಮನೆಯಲ್ಲಿ ಯಾರಿಗೂ ಮನಸ್ಸು ಬರುತ್ತಿಲ್ಲ. ಮರುದಿನ ಊಟದ ಪಾತ್ರೆ ತೊಳೆದಿಟ್ಟು, ನಡುಮನೆಯ ಬಾಗಿಲಿಗೆ ಎದುರಾಗಿಯೇ ಕೂತು, ಸೆರಗು ಇಳಿಸಿ ಎರಡೂ ಕಿವಿಗೆ ಹಾಕಿಕೊಂಡೆ. ಕಣ್ಣು ಮುಚ್ಚಲಿಲ್ಲ.

ಮಾವ ಬಂದರು. ಹೊಸ್ತಿಲಲ್ಲಿ ಅವರ ಎದೆ ಏರಿ ಇಳಿದದ್ದು ಕಂಡಿತು, ಸದ್ದು ಬರಲಿಲ್ಲ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು ನನ್ನೆದುರಿಗೇ ನಿಂತರು. ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಹತ್ತಿರ ಬಂದದ್ದಿಲ್ಲ. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಹೆಗಲತನಕ ಹೋದ ಕೈಯನ್ನು ಅಲ್ಲೇ ತಡೆದು ಕೆಳಗಿಳಿಸಿದೆ. ಆ ಕೈ ತಡೆಯುವುದು ಎಷ್ಟು ಕಷ್ಟವಾಯಿತೆಂದರೆ, ಮಗಳನ್ನು ಹೆತ್ತಾಗಲೂ ನಾನು ಹಾಗೆ ಬೆವರಿರಲಿಲ್ಲ. ಅವರ ತುಟಿ ಅಲುಗಿತು. ಒಂದು ಕಡೆಯ ಬಟ್ಟಲು ಸರಿಸಿದೆ.

"ಚಹಾ ಬೇಕಾಗಿತ್ತು," ಎಂದರು. ಕಂಬಕ್ಕಲ್ಲ, ನನಗೆ.

"ಪಾಠ ನಡದದ ರೀ ಮಾಂವಾ. ಮುಗದ ಮ್ಯಾಲ ಮಾಡ್ತೀನಿ."

ಅವರ ಮುಖ ಕೆಂಪಾಯಿತು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಬೇಕೆಂದರೂ ನೇರ ನನ್ನನ್ನೇ ಬಯ್ಯಬೇಕಿತ್ತು, ಅದರ ರೂಢಿ ಅವರಿಗಿರಲಿಲ್ಲ.

"ಎಷ್ಟೊತ್ತು ನಡೀತದ?"

"ಅರ್ಧ ತಾಸು."

ಅವರು ತಿರುಗಿ, ಗೂಟದ ಮೇಲಿನ ಟೊಪ್ಪಿಗೆ ತೆಗೆದುಕೊಂಡು, ಚೌಕಿನ ಹೋಟೆಲಿಗೆ ಚಹಾ ಕುಡಿಯಲು ಹೊರಟುಹೋದರು. ಆಮೇಲೆ ಬಟ್ಟಲನ್ನು ಮತ್ತೆ ಕಿವಿಗೆ ಸರಿಸಿ, ಪಾಠವನ್ನು ಮೊದಲಿನಿಂದ ಹಚ್ಚಿದೆ. ಆ ದಿನ ಒಂದು ಸ್ವರವೂ ಸರಿಯಾಗಿ ಬೀಳಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ, ದನಿ ಇಳಿಸಲಿಲ್ಲ. ಅರ್ಧ ತಾಸು ಪೂರಾ ಹಾಡಿದೆ.