ಸವತಿಗೆ ಕುಡಿಸಿದ ಮಜ್ಜಿಗೆ

ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ಒಬ್ಬ ಸವತಿ ಇದ್ದಳು. ಕಡುಗೆಂಪು ಬಣ್ಣ, ಉದ್ದ ಮೂತಿ, ನಾಲ್ಕು ಗಾಲಿ. ಅಜ್ಜ ಆಸೆಪಟ್ಟು ತಂದ ಹಳೆಯ ಮೋಟಾರಿಗೆ ಆಯಿ ಇಟ್ಟ ಹೆಸರು ಅದು.

ಅಜ್ಜ ಅದನ್ನು ಮೊದಲ ಸಲ ನೋಡಿದ್ದು ಹರೆಯದಲ್ಲಿ, ನಮ್ಮೂರು ಕುಲಗೋಡದಿಂದ ಗೋಕಾಕಕ್ಕೆ ಹತ್ತಿಯ ಗಾಡಿ ಹೊಡೆದುಕೊಂಡು ಹೋಗುವಾಗ. ಯಾವುದೋ ಸಂಸ್ಥಾನಿಕರ ಮೋಟಾರು ಎದುರಿಗೆ ಬಂದು ಎತ್ತು ಬೆದರಿ ಗಾಡಿ ತಗ್ಗಿಗೆ ಇಳಿಯಿತು, ಹತ್ತಿಯ ಅಂಡಿಗೆಗಳು ಉರುಳಿದವು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅಜ್ಜ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಅದರ ಹಿತ್ತಾಳೆಯ ದೀಪಗಳು, ಕಾಲಿಡುವ ಹಲಗೆ, ರಬ್ಬರಿನ ಬುಡ್ಡೆ ಹಿಚುಕಿದರೆ ಕೂಗುವ ಹಾರ್ನು, ಎಲ್ಲವೂ ಅಜ್ಜನ ಬಾಯಿಂದ ಕೇಳಿ ಕೇಳಿ ನಮಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದವು.

ಆದರೆ ಅಜ್ಜ ಬರೀ ಚಂದಕ್ಕೆ ಮರುಳಾದ ಮನುಷ್ಯನಲ್ಲ. ಆಯಿಯ ತವರು ತುಕ್ಕಾನಟ್ಟಿ. ಮದುವೆ ಮುಗಿಸಿ ಅವಳನ್ನು ಕರೆದುಕೊಂಡು ಬರುವಾಗ ಅರ್ಧ ದಾರಿಯಲ್ಲಿ ಗಾಡಿಯ ಅಚ್ಚು ಮುರಿದಿತ್ತು. ಮೈಮೇಲಿನ ಅರಿಷಿಣ ಆರದ ಮದುಮಗಳು ಉಳಿದ ದಾರಿಯನ್ನೆಲ್ಲ ನಡೆದು, ಕಾಲಲ್ಲಿ ಗುಳ್ಳೆ ಎಬ್ಬಿಸಿಕೊಂಡು ಗಂಡನ ಮನೆಯ ಹೊಸ್ತಿಲು ತುಳಿದಳು. ಆಯಿಗಿಂತ ಹೆಚ್ಚು ನೊಂದವನು ಅವಳ ಅಣ್ಣ. ಅಜ್ಜ ತುಕ್ಕಾನಟ್ಟಿಗೆ ಹೋದಾಗಲೆಲ್ಲ ಆ ಅಣ್ಣ ನಾಲ್ಕು ಮಂದಿಯ ಎದುರಿಗೆ ಅದನ್ನೇ ಎತ್ತಿ ಆಡುತ್ತಿದ್ದ. ತಂಗಿಯನ್ನು ನಡೆಸಿಕೊಂಡು ಹೋದ ಅಳಿಯ ಎಂದು ನಗುತ್ತಿದ್ದ. ಒಮ್ಮೆ ಅಜ್ಜನಿಗೆ ರೇಗಿ, ನಿಮ್ಮ ತಂಗಿಯನ್ನು ಮೋಟಾರಿನಲ್ಲಿ ಕೂರಿಸಿ ಇದೇ ಬಾಗಿಲಿಗೆ ತರುತ್ತೇನೆ ಎಂದು ಹೇಳಿ ಬಂದ. ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು. ಆ ಮೋಟಾರು ಕೈಯಿಂದ ಕೈಗೆ ಬಿದ್ದು ಕಡೆಗೆ ಹುಕ್ಕೇರಿಯ ವ್ಯಾಪಾರಿಯೊಬ್ಬರ ತಂಬಾಕಿನ ಗೋದಾಮು ಸೇರಿತ್ತು. ಅದರ ಮೆತ್ತನೆಯ ಸೀಟಿನಲ್ಲಿ ಕೋಳಿಗಳು ಕಾವು ಕೂತಿದ್ದವಂತೆ. ಸುದ್ದಿ ಕೇಳಿದ್ದೇ ತಡ, ಅಜ್ಜ ಆ ವರ್ಷದ ಬೆಲ್ಲ ಮಾರಿ ಅದನ್ನು ಕೊಂಡು, ಎತ್ತು ಹೂಡಿ ಎಳೆಸಿಕೊಂಡು ಬಂದ. ನಾನಾಗ ಸಾಲಿಗೆ ಹೋಗುವ ಹುಡುಗಿ. ಊರೆಲ್ಲ ಕೂಡಿತ್ತು. ಆರತಿ ತಾ ಎಂದು ಅಜ್ಜ ಕರೆದರೆ ಆಯಿ ಒಳಗಿನಿಂದಲೇ, ಸವತಿಗೆ ಆರತಿ ಎತ್ತುವಷ್ಟು ದೊಡ್ಡ ಮನಸ್ಸು ತನಗಿಲ್ಲ ಎಂದಳು. ಸವತಿಯ ಠಿಕಾಣಿ ಕೊಟ್ಟಿಗೆಯಲ್ಲಿ, ಎತ್ತುಗಳ ಮಗ್ಗುಲಿಗಾಯಿತು.

ಗೋಕಾಕದಿಂದ ಒಬ್ಬ ಮಿಸ್ತ್ರಿ ಬಿಡುವಾದಾಗ ಬಂದು ರಿಪೇರಿ ಮಾಡುತ್ತಿದ್ದ. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮೋಟಾರು ಗುಡುಗಿತು. ದನ ಕಣ್ಣಿ ಹರಿದುಕೊಂಡು ಓಡಿದವು. ಅಜ್ಜ ಮಾತ್ರ ಸ್ಟೀರಿಂಗು ಹಿಡಿದು ಕೂತು ಮಗುವಿನ ಹಾಗೆ ಅತ್ತ. ಕಾರಹುಣ್ಣಿಮೆ ಮುಗಿಸಿ, ಬಿತ್ತನೆಗೆ ಮೊದಲು ತುಕ್ಕಾನಟ್ಟಿಗೆ ಹೋಗುವುದೆಂದು ನಿಶ್ಚಯವಾಯಿತು. ತಾನು ಮನೆಯ ಕಟ್ಟೆಯ ಮೇಲೆ ಕೂತು ಕಾಯುತ್ತಿರುತ್ತೇನೆ ಎಂದು ಆಯಿಯ ಅಣ್ಣ ಹೇಳಿ ಕಳಿಸಿದ.

ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿದೆವು. ಬಿತ್ತನೆಯ ದುಡಿಮೆಗೆ ಗಟ್ಟಿಯಾಗಲಿ ಎಂದು ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಅರಿಷಿಣ, ಮಜ್ಜಿಗೆ ಕಲಸಿ ಅವುಗಳ ಗಂಟಲಿಗೆ ಹೊಯ್ಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಆಯಿಯದೇ ಕೆಲಸ.

ಹೊರಡುವ ದಿನ ಅಜ್ಜ ಬಿಳಿ ರುಮಾಲು ಸುತ್ತಿ, ಕಿರ್ರೆನ್ನುವ ಹೊಸ ಚಪ್ಪಲಿ ಮೆಟ್ಟಿದ. ಆಯಿ ಇಳಕಲ್ ಸೀರೆ ಉಟ್ಟು, ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಪಕ್ಕದಲ್ಲಿ ನಾನು. ಓಡಿಸುವವನು ಮಿಸ್ತ್ರಿ. ಹಾರ್ನು ಕೂಗಿಸುತ್ತ ಊರು ದಾಟಿದೆವು. ಹಳ್ಳದ ದಂಡೆಗೆ ಬರುವಷ್ಟರಲ್ಲಿ ಮೋಟಾರು ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತಿತು.

ಮಿಸ್ತ್ರಿ ಮೂತಿ ಬಿಚ್ಚಿ ನೋಡಿದ, ನಳಿಗೆ ಊದಿದ. ಕೊನೆಗೆ ಕೆಳಗೆ ತೂರಿ ಪೆಟ್ರೋಲ್ ಟಾಕಿಯ ತಿರುಪು ಸಡಿಲಿಸಿದ. ಹಳದಿ ನೀರು, ಅದರೊಳಗೆ ಬೆಳ್ಳಗೆ ಮೊಸರಿನ ಗರಣೆ. ಬೆರಳಿಗೆ ಹಚ್ಚಿ ಮೂಸಿ ನೋಡಿ, ಹೇಳಲೋ ಬೇಡವೋ ಎಂಬಂತೆ ಹೇಳಿದ: "ಯಜಮಾನ್ರ, ಇದರಾಗ ಮಜ್ಜಿಗಿ ಐತ್ರಿ."

ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ತಾಟು ಎಸೆಯುವ ಮನುಷ್ಯ ನಮ್ಮ ಅಜ್ಜ. ಅವನ ಮುಖ ನೋಡಿ ನಾನು ಆಯಿಯ ಸೆರಗು ಹಿಡಿದುಕೊಂಡೆ. ಆಯಿ ಕೂತಲ್ಲಿಂದ ಅಲುಗಲಿಲ್ಲ.

"ನಾನ ಕುಡಿಸೇನ್ರಿ. ಎತ್ತಿಗೆಲ್ಲಾ ಕುಡಿಸಿ ಇದೊಂದನ್ನ ಬಿಡಾಕ ಮನಸ್ಸಾಗಲಿಲ್ಲ. ನಮ್ಮನ್ನ ಅಷ್ಟು ದೂರ ಎಳಕೊಂಡು ಹೋಗಬೇಕಲ್ಲ, ಪಾಪ."

ಅಜ್ಜ ಕಾಲಿಡುವ ಹಲಗೆಯ ಮೇಲೆ ಕುಸಿದು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ. ವರ್ಷವಿಡೀ ಸವತಿ ಸವತಿ ಎಂದು ಮೂಗು ಮುರಿದವಳು, ಯಾರೂ ಇಲ್ಲದ ಹೊತ್ತು ನೋಡಿ ಗೊಟ್ಟ ಹಿಡಿದು ಅದರ ಹತ್ತಿರ ಹೋಗಿದ್ದಳು. ಮಿಸ್ತ್ರಿ ಪೆಟ್ರೋಲ್ ಹೊಯ್ಯುವ ಬಾಯಿಯೇ ಅದರ ಬಾಯಿ ಎಂದು ತಿಳಿದಿದ್ದಳು. ಎಷ್ಟು ಕುಡಿಸಿದೆ ಎಂದು ಅಜ್ಜ ಕೇಳಿದ. ಎತ್ತಿಗೆ ಕುಡಿಸಿದಷ್ಟೇ, ಭೇದ ಮಾಡಿಲ್ಲ ಎಂದಳು ಆಯಿ. ನನಗೆ ಈಗಲೂ ಆ ಮಾತು ನೆನೆದರೆ ಕಣ್ಣು ತುಂಬುತ್ತದೆ.

ಟಾಕಿ ತೊಳೆದು ಸರಿ ಮಾಡಲು ದಿನಗಳೇ ಬೇಕು, ಮನೆಗೆ ಹೋಗೋಣ ಎಂದ ಮಿಸ್ತ್ರಿ. ಆಯಿ ಇಳಿಯಲು ಕಾಲು ಚಾಚಿದಳು.

"ನೀ ಇಳೀಬ್ಯಾಡ," ಎಂದ ಅಜ್ಜ. "ಇವತ್ತ ನಿನ್ನ ಕಾಲು ನೆಲಕ್ಕ ಹತ್ತಬಾರದು."

ಅಜ್ಜ ಹೇಳಿ ಕಳಿಸಿದ ಮೇಲೆ ಮನೆಯಿಂದ ಎತ್ತುಗಳು ಬಂದವು, ಕೋಡಿನ ಬಣ್ಣ ಇನ್ನೂ ಹೊಸದಾಗಿತ್ತು. ನೊಗಕ್ಕೆ ಹಗ್ಗ ಬಿಗಿದು ಮೋಟಾರಿಗೆ ಕಟ್ಟಿದರು. ಮಿಸ್ತ್ರಿ ಸ್ಟೀರಿಂಗು ಹಿಡಿದ. ಅಜ್ಜ ಮುಂದೆ ನಿಂತು ಎತ್ತುಗಳನ್ನು ನಡೆಸಿದ. ಮೇಲೆ ಬನ್ನಿ ಎಂದು ಆಯಿ ದಾರಿಯುದ್ದಕ್ಕೂ ಕರೆದಳು. ಅಜ್ಜ ಹಿಂದೆ ತಿರುಗಿ ನೋಡಲಿಲ್ಲ.

ತುಕ್ಕಾನಟ್ಟಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಹೇಳಿದಂತೆ ಆಯಿಯ ಅಣ್ಣ ಕಟ್ಟೆಯ ಮೇಲೆ ಕೂತಿದ್ದ, ಸುತ್ತ ಊರ ಮಂದಿ. ಎತ್ತು ಎಳೆಯುವ ಮೋಟಾರು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನ ನಗು ಎಲ್ಲರಿಗಿಂತ ಜೋರು. ಅಜ್ಜ ತಲೆ ಬಗ್ಗಿಸಿದ. ಆಯಿ ಸೆರಗು ಸರಿಮಾಡಿಕೊಂಡು ನೇರ ಬಾಗಿಲ ಮುಂದೆ ಇಳಿದಳು.

"ಅಣ್ಣಾ, ಈ ಸಲ ನಾ ಕುಂತು ಬಂದೇನಿ. ನಡಕೊಂತ ಬಂದವರು ಅವರು."

ನಗು ನಿಂತಿತು. ಅಣ್ಣ ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದ. ಬೇರೆಯವರ ಕೈಗೆ ಕೊಡದೆ ತಾನೇ ಬಗ್ಗಿ ಅಜ್ಜನ ಕಾಲಿಗೆ ಹೊಯ್ದ. ಹೊಸ ಚಪ್ಪಲಿ ಕಚ್ಚಿ ಎರಡೂ ಕಾಲಲ್ಲಿ ಗುಳ್ಳೆ ಎದ್ದಿದ್ದವು. ಆಯಿ ಅವನ್ನು ನೋಡಿದಳು, ಇಳಕಲ್ ಸೀರೆಯ ಸೆರಗಿನಿಂದಲೇ ಒರೆಸಿದಳು.